ಪೋರ್ಷೆ ಮ್ಯೂಸಿಯಂಗೆ ಹೋದರೆ ಕಾರಿನ ಹಿಂದೆ ನಿಂತು ನೋಡಿ

ಮೊದಲು ರೈಲಿನ ವಿಷಯ ಹೇಳಿಬಿಡುತ್ತೇನೆ. ನಾವು ಎಡವಿದ್ದು ಅಲ್ಲೇ.

ಜರ್ಮನಿಯ ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಿಂದ ಪೋರ್ಷೆ ಮ್ಯೂಸಿಯಂಗೆ ಎಸ್-ಬಾನ್ ಲೋಕಲ್ ರೈಲಿನಲ್ಲಿ ಹೆಚ್ಚುಕಮ್ಮಿ ಹತ್ತು ನಿಮಿಷ. ಮ್ಯೂಸಿಯಂ ಇರುವ ಬಡಾವಣೆಯ ಹೆಸರು ತ್ಸುಫೆನ್‌ಹೌಸೆನ್. ಎಲ್ಲ ಕಡೆ ಅದೇ ಹೆಸರು ಓದಿ ಓದಿ, ಸಿಕ್ಕಿದ ಎಸ್4 ಹತ್ತಿ, ತ್ಸುಫೆನ್‌ಹೌಸೆನ್ ಸ್ಟೇಷನ್ನಿನಲ್ಲಿ ಅಪ್ಪನನ್ನು ಇಳಿಸಿಬಿಟ್ಟೆ. ಹೊರಗೆ ಬಂದು ನೋಡಿದರೆ ಕಾರೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ. ಇಳಿಯಬೇಕಾದದ್ದು ಅದರ ಮುಂದಿನ ಸ್ಟಾಪು: ನೊಯ್‌ವಿರ್ಟ್ಸ್‌ಹೌಸ್ – ಪೋರ್ಷೆಪ್ಲಾಟ್ಸ್. ಅಲ್ಲಿಗೆ ಎಸ್6 ಅಥವಾ ಎಸ್60 ಹತ್ತಬೇಕು. ಎಸ್4 ಮತ್ತು ಎಸ್5 ಲುಡ್ವಿಗ್ಸ್‌ಬುರ್ಗ್ ಕಡೆ ತಿರುಗಿಕೊಳ್ಳುತ್ತವೆ. ಮತ್ತೆ ಒಳಗೆ ಹೋಗಿ ಕಾದು ಕೂತೆವು. "ಗೂಗಲ್ ನೋಡ್ಕೊಂಡು ಬಂದಿದ್ದೀಯ ಅಲ್ವಾ?" ಅಂತ ಅಪ್ಪ ಒಂದೇ ಮಾತು ಕೇಳಿದರು.

ಅಪ್ಪ ಬೆಂಗಳೂರಿನ ಆಡುಗೋಡಿ ಮೈಕೋದಲ್ಲಿ ಮೂವತ್ತು ವರ್ಷ ಫ್ಯೂಯೆಲ್ ಪಂಪ್ ವಿಭಾಗದಲ್ಲಿದ್ದು ರಿಟೈರ್ ಆದವರು. ಈಗಿನ ಮಕ್ಕಳಿಗೆ ಅದು ಬಾಷ್. ಅವರ ಬಾಯಲ್ಲಿ ಇವತ್ತಿಗೂ ಮೈಕೋನೇ. ತಂಗಿ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿದ್ದಾಳೆ. ಬಾಷ್ ಕಂಪನಿ ಹುಟ್ಟಿದ ಊರು ಸ್ಟುಟ್‌ಗಾರ್ಟನ್ನು ಒಮ್ಮೆ ನೋಡಬೇಕು ಅಂತ ಅಪ್ಪನಿಗೆ ಬಹಳ ವರ್ಷದ ಆಸೆ. ಕಾರಿನ ಮ್ಯೂಸಿಯಂ ನೋಡುವುದು ನನ್ನ ಆಸೆ. ಕೊನೆಗೆ ಹೆಚ್ಚು ಖುಷಿಪಟ್ಟವರು ಯಾರು ಅಂತ ಮುಂದೆ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಬರುವವರಿಗೆ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಆ ಏರ್‌ಪೋರ್ಟಿನ ಕೆಳಗೇ ದೂರದ ರೈಲುಗಳ ನಿಲ್ದಾಣ. ವೇಗದ ಐಸಿಇ ರೈಲು ಹತ್ತಿದರೆ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಸ್ಟುಟ್‌ಗಾರ್ಟ್. ಸ್ಟುಟ್‌ಗಾರ್ಟ್ ನಿಲ್ದಾಣದ ಕಾಮಗಾರಿ ವರ್ಷಗಟ್ಟಲೆಯಿಂದ ನಡೆಯುತ್ತಲೇ ಇದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಿಕ್ಕಾಪಟ್ಟೆ ನಡೆಯಬೇಕು. ವಯಸ್ಸಾದವರು ಜೊತೆಗಿದ್ದರೆ ಒಂದು ರೈಲಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ಬಿಟ್ಟುಕೊಳ್ಳಿ.

ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಅದೇ ಊರಿನ ಮರ್ಸಿಡಿಸ್ ಮ್ಯೂಸಿಯಂಗೂ ಸೋಮವಾರವೇ ರಜೆ. ಇವೆರಡನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ತುಂಬಾ ಜನ ಹೊರಡುತ್ತಾರೆ. ದಯವಿಟ್ಟು ಬೇಡ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಕಣ್ಣಿಗೆ ಎಲ್ಲವೂ ಬರೀ ಚಕ್ರವಾಗಿ ಕಾಣುತ್ತದೆ. ಪೋರ್ಷೆ ಮ್ಯೂಸಿಯಂ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಮೂರು ಗಂಟೆ ಸಾಕು ಅಂದುಕೊಂಡು ಹೋಗಿದ್ದೆವು, ಐದು ಹಿಡಿಯಿತು.

ಸ್ಟೇಷನ್ನಿನಿಂದ ಮೇಲೆ ಬಂದರೆ ಎದುರಿಗೇ ಕಟ್ಟಡ. ಮೂರು ಕಂಬಗಳ ಮೇಲೆ ತೇಲುವ ಹಾಗೆ ನಿಲ್ಲಿಸಿದ ದೊಡ್ಡ ಬಿಳಿ ಪೆಟ್ಟಿಗೆ. 2009ರಲ್ಲಿ ಶುರುವಾಗಿದ್ದು. ಅದರ ಮುಂದಿನ ಸರ್ಕಲ್ಲಿನಲ್ಲಿ 24 ಮೀಟರ್ ಎತ್ತರದವರೆಗೆ ಹೋಗುವ ಮೂರು ಬಿಳಿ ಕಂಬ, ಒಂದೊಂದರ ತುದಿಯಲ್ಲೂ ಒಂದೊಂದು ಕಾಲದ ಪೋರ್ಷೆ 911 ಕಾರು. ಇದನ್ನು ಮಾಡಿದ ಕಲಾವಿದ ಗೆರಿ ಜೂಡಾ ಹುಟ್ಟಿದ್ದು ನಮ್ಮ ಕೊಲ್ಕತ್ತಾದಲ್ಲಿ. ಅಪ್ಪ ತಲೆ ಎತ್ತಿ ನೋಡಿ, "ಧೂಳು ಕೂತ್ರೆ ಯಾರು ಹತ್ತಿ ಒರೆಸ್ತಾರೆ?" ಅಂದರು.

ಒಳಗೆ ಬ್ಯಾಗು, ಜಾಕೆಟ್ಟು ಲಾಕರಿನಲ್ಲಿ ಇಡಬೇಕು. ಟಿಕೆಟ್ ತೆಗೆದುಕೊಂಡ ತಕ್ಷಣ ಮೇಲೆ ಓಡಬೇಡಿ. ಕೆಳಗೇ ಗಾಜಿನ ಗೋಡೆಯ ಹಿಂದೆ ಮ್ಯೂಸಿಯಂನ ಸ್ವಂತ ವರ್ಕ್‌ಶಾಪ್ ಇದೆ. ಇಲ್ಲಿನ ಕಾರುಗಳು ಓಡುವ ಕಾರುಗಳು. ರೇಸಿಗೆ, ರ್‍ಯಾಲಿಗೆ, ಬೇರೆ ಊರಿನ ಪ್ರದರ್ಶನಕ್ಕೆ ಹೋಗಿ ಬರುತ್ತಿರುತ್ತವೆ. ಹಾಗಾಗಿ ನಾನು ನೋಡಿದ ಕಾರೇ ನಿಮಗೂ ಸಿಗುತ್ತದೆ ಅಂತಿಲ್ಲ. ಒಂದೇ ಒಂದು ಕಾರಿಗಾಗಿ ಅಷ್ಟು ದೂರ ಹೋಗುವುದಾದರೆ ಮೊದಲೇ ಇಮೇಲ್ ಮಾಡಿ ಕೇಳಿಕೊಳ್ಳಿ. ಮಂಡಿ ನೋವಿನವರಿಗೆ ಲಿಫ್ಟ್ ಇದೆ. ಉಳಿದವರಿಗೆ ಉದ್ದನೆಯ ಎಸ್ಕಲೇಟರ್.

ಮೇಲೆ ಹೋದ ಕೂಡಲೇ 1939ರ ಟೈಪ್ 64 ಅನ್ನುವ ಕಾರಿನ ಬರೀ ಅಲ್ಯೂಮಿನಿಯಂ ಮೈ ಸಿಗುತ್ತದೆ. ಸಾಬೂನು ಸವೆದ ಹಾಗಿದೆ. ಅಲ್ಲಿಂದ ಮುಂದೆ 356 ಅನ್ನುವ ಮಾಡೆಲ್ಲಿನ ಕಥೆ. ಯುದ್ಧದ ಕಾಲದಲ್ಲಿ ಪೋರ್ಷೆ ಕಂಪನಿ ಆಸ್ಟ್ರಿಯಾದ ಗ್ಮ್ಯುಂಡ್ ಅನ್ನುವ ಸಣ್ಣ ಊರಿಗೆ ಹೋಗಿತ್ತು. ಅಲ್ಲಿ, 1948ರಲ್ಲಿ ಪೋರ್ಷೆ ಹೆಸರಿನ ಮೊದಲ ಕಾರು ರಸ್ತೆಗಿಳಿಯಿತು. 35 ಕುದುರೆ ಶಕ್ತಿಯ ತೆರೆದ ಕಾರು, ಎಂಜಿನ್ ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್‌ಗಿಂತ ಮುಂದೆ. ಅಂದರೆ ತೂಕ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ. ಇದನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಮಾರಾಟದ 356ಕ್ಕೆ ಬರುವಷ್ಟರಲ್ಲಿ, ಸೀಟಿನ ಹಿಂದೆ ಜಾಗ ಬೇಕು ಅಂತ ಎಂಜಿನ್ ಅನ್ನು ಆಕ್ಸಲ್ ಹಿಂದಕ್ಕೆ ತಳ್ಳಿದರು. ಅಲ್ಲಿಂದ ಶುರುವಾಯಿತು ಬಾಲದ, ಅಂದರೆ ಕಾರಿನ ಹಿಂಭಾಗದ ಪಾಡು.

356 ನೋಡುವಾಗ ಮುಂದಿನ ಗಾಜು ನೋಡಿದರೆ ವಯಸ್ಸು ಸುಮಾರಾಗಿ ಗೊತ್ತಾಗುತ್ತದೆ. ಮೊದಮೊದಲಿನವಕ್ಕೆ ನಡುವೆ ಪಟ್ಟಿ ಇರುವ ಎರಡು ತುಂಡಿನ ಗಾಜು, ಆಮೇಲೆ ನಡುವೆ ಮಡಿಚಿದ ಹಾಗಿರುವ ಒಂದೇ ಗಾಜು, 1955ರ 356ಎ ಬಂದ ಮೇಲೆ ನಯವಾದ ಬಾಗು. ಬಿ, ಸಿ ಅಂತ ಮುಂದುವರಿದು 1965ಕ್ಕೆ ಮುಗಿಯಿತು. ಒಟ್ಟು ಸುಮಾರು 76,000 ಕಾರು.

ಇನ್ನು 911. ಜನ ಬರುವುದೇ ಇದಕ್ಕೆ, ಗೊಂದಲ ಆಗುವುದೂ ಇದರಲ್ಲೇ. ಮುಂದಿನಿಂದ ನೋಡಿದರೆ ಎಲ್ಲ ಒಂದೇ ತರ. ಎರಡು ದುಂಡು ದೀಪ, ಇಳಿಜಾರು ಬಾನೆಟ್. ಇಪ್ಪತ್ತು ನಿಮಿಷ ನಾನು ಫೋಟೋ ತೆಗೆದೆ. ಸಂಜೆ ನೋಡಿದರೆ ಯಾವುದು ಯಾವುದು ಅಂತ ನನಗೇ ತಿಳಿಯಲಿಲ್ಲ. ದಾರಿ ತೋರಿಸಿದವರು ಅಪ್ಪ. "ಎಂಜಿನ್ ಹಿಂದಿದೆ ಅಂದ್ಮೇಲೆ ತೊಂದ್ರೆನೂ ಹಿಂದೇನೇ ಇರತ್ತೆ. ಬಾ ಈ ಕಡೆ" ಅಂತ ಕರೆದುಕೊಂಡು ಹೋದರು. ಆಮೇಲೆ ಎಲ್ಲ ಸರಳವಾಯಿತು.

1963ರಲ್ಲಿ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ ಈ ಕಾರನ್ನು 901 ಅಂತ ತೋರಿಸಿದ್ದರು. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಫ್ರಾನ್ಸಿನ ಕಾರು ಕಂಪನಿ ಪ್ಯೂಜೋ ತಕರಾರು ತೆಗೆಯಿತು, 901 ಹೋಗಿ 911 ಆಯಿತು. ಮ್ಯೂಸಿಯಂನಲ್ಲಿರುವ ಕೆಂಪು 901, 57ನೇ ನಂಬರಿನದು, 2014ರಲ್ಲಿ ಒಂದು ಹಳೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಸಿಕ್ಕಿದ್ದು. ಮೂರು ವರ್ಷ ರಿಪೇರಿ ಮಾಡಿ ನಿಲ್ಲಿಸಿದ್ದಾರೆ. ಅದರ ಹಿಂಭಾಗ ಎಷ್ಟು ಸಣ್ಣಗಿದೆ ನೋಡಿ. ಎರಡು ಲೀಟರ್, ಆರು ಸಿಲಿಂಡರ್, 130 ಕುದುರೆ ಶಕ್ತಿ, ಅಷ್ಟೂ ತೂಕ ಆಕ್ಸಲ್ ಹಿಂದೆ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಬಾಲ ಮುಂದಕ್ಕೆ ಬರುತ್ತಿತ್ತು. ಮುಂದಿನ ಬಂಪರಿನೊಳಗೆ ತೂಕದ ಕಬ್ಬಿಣ ಇಟ್ಟು ನೋಡಿದರು. 1969ರ ಮಾಡೆಲ್ಲಿಗೆ ಒಂದು ಬ್ಯಾಟರಿ ಬದಲು ಎರಡು ಮಾಡಿ, ಮುಂದಿನ ಎರಡು ಮೂಲೆಗೆ ಒಂದೊಂದು ಇಟ್ಟರು. ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಕಾರಿನ ಉದ್ದ ಅಷ್ಟೇ, ಚಕ್ರದ ಜಾಗ ಮಾತ್ರ ಬೇರೆ. ಬಾಗಿಲ ಅಂಚಿಗೂ ಹಿಂದಿನ ಚಕ್ರಕ್ಕೂ ಇರುವ ಅಂತರ ನೋಡಿದರೆ ತಿಳಿಯುತ್ತದೆ. ಅಪ್ಪ ಹಗ್ಗದಾಚೆ ನಿಂತೇ ಮೂರು ಬೆರಳು ಜೋಡಿಸಿ ಅಳತೆ ತೋರಿಸಿದರು.

ಆ ಕಾಲದ 911ಗಳ ಹಿಂಭಾಗದಲ್ಲಿ ಬರೆದಿರುವ ಅಕ್ಷರ ಟಿ, ಇ, ಎಸ್. ಟಿ ಕಡಿಮೆ ಬೆಲೆಯದು, ಎಸ್ ಜೋರಿನದು. ಇ ಅಂದರೆ ಎಕಾನಮಿ ಇರಬೇಕು ಅಂದೆ ನಾನು. ಅಪ್ಪನಿಗೆ ಜರ್ಮನ್ ಬರುವುದಿಲ್ಲ. ಆದರೆ ಪಂಪಿನ ಪೆಟ್ಟಿಗೆಯ ಮೇಲೆ, ಡ್ರಾಯಿಂಗಿನ ಮೇಲೆ ಮೂವತ್ತು ವರ್ಷ ನೋಡಿದ ಒಂದು ಪದ ಬರುತ್ತದೆ. "ಇ ಅಂದ್ರೆ ಐನ್‌ಶ್ಪ್ರಿಟ್ಸುಂಗ್ ಕಣೋ. ಇಂಜೆಕ್ಷನ್ನು" ಅಂದರು. ಅಂದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಏರ್ಪಾಡು. ಬಿಡಿಸಿ ಇಟ್ಟ ಎಂಜಿನ್ ಒಂದರ ಮುಂದೆ ಬಗ್ಗಿ ನಿಂತರು. ಎಡಗಡೆ ಸಣ್ಣ ಪೆಟ್ಟಿಗೆಯಂಥ ಬಾಷ್ ಪಂಪು, ಹಲ್ಲಿನ ಬೆಲ್ಟಿನಿಂದ ತಿರುಗುವಂಥದ್ದು. ಪೆಟ್ರೋಲ್ ತಳ್ಳುವ ಮೂರು ಮೂರು ಪ್ಲಂಜರಿನ ಎರಡು ಸಾಲು, ಅದರಿಂದ ಹೊರಟ ಆರು ಸಣ್ಣ ಪೈಪು. "ನಮ್ಮಲ್ಲಿ ಲಾರಿಗೆ ಮಾಡ್ತಿದ್ವಲ್ಲ, ಅದರ ತಂಗಿ ಇದು. ಅದು ಡೀಸೆಲ್ ಕುಡೀತಿತ್ತು, ಇದು ಪೆಟ್ರೋಲ್." ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಪಕ್ಕದಲ್ಲಿದ್ದ ಜರ್ಮನ್ ಹುಡುಗನೊಬ್ಬ ಫೋಟೋಗೆ ಜಾಗ ಸಿಗಲಿ ಅಂತ ಕಾದು ಕಾದು ಹೊರಟುಹೋದ.

1972ರ ಮಾಡೆಲ್ ಸಿಕ್ಕರೆ ಬಲಗಡೆ ಬಾಗಿಲ ಹಿಂದೆ ಒಂದು ಸಣ್ಣ ಮುಚ್ಚಳ ಹುಡುಕಿ. ತೂಕ ಮುಂದಕ್ಕೆ ತರಲು ಆಯಿಲ್ ಟ್ಯಾಂಕನ್ನು ಚಕ್ರದ ಮುಂದೆ ಇಟ್ಟು, ಆಯಿಲ್ ಹಾಕಲು ಹೊರಗೆ ಬಾಯಿ ಕೊಟ್ಟಿದ್ದರು. ಬಂಕಿನ ಹುಡುಗರು ಅದಕ್ಕೇ ಪೆಟ್ರೋಲ್ ಹಾಕಿಬಿಡುತ್ತಿದ್ದರು. ಒಂದೇ ವರ್ಷಕ್ಕೆ ಆ ಏರ್ಪಾಡು ನಿಂತಿತು.

ಆಮೇಲೆ ಬರುವುದು 1973ರ ಕರೆರಾ ಆರ್‌ಎಸ್ 2.7. ಎಂಜಿನ್ ಮುಚ್ಚಳದ ತುದಿ ಬಾತುಕೋಳಿ ಬಾಲದ ಹಾಗೆ ಮೇಲೆದ್ದಿದೆ. ಜರ್ಮನ್ನರೂ ಹಾಗೇ ಕರೆಯುತ್ತಾರೆ. ವೇಗದಲ್ಲಿ ಹಿಂಭಾಗ ನೆಲ ಬಿಟ್ಟು ಏಳದಂತೆ ತಡೆಯುವುದು ಅದರ ಕೆಲಸ. 210 ಕುದುರೆ ಶಕ್ತಿ. ರೇಸ್ ನಿಯಮಕ್ಕಾಗಿ 500 ಕಾರು ಮಾಡಿದರೆ ಸಾಕಿತ್ತು, ಜನ ಮುಗಿಬಿದ್ದು 1,580 ಆಯಿತು. ನನಗೆ ಕೇಳಿದರೆ ಇಡೀ ಮ್ಯೂಸಿಯಂನಲ್ಲಿ ಚೆಂದದ ಬಾಲ ಇದೇ. ಇದರ ನಂತರದ ಕಾರುಗಳಿಗೆ ಅಮೆರಿಕದ ಬಂಪರ್ ಕಾನೂನಿನಿಂದಾಗಿ ಹಾರ್ಮೋನಿಯಂ ತಿದಿಯಂಥ ಮಡಿಕೆ ರಬ್ಬರ್ ಬಂತು. ಅದು ಕಂಡರೆ 1974ರಿಂದ 1989ರ ನಡುವಿನ ಮಾಡೆಲ್ ಅಂತ ಕಣ್ಣುಮುಚ್ಚಿ ಹೇಳಬಹುದು. 1974ರ 911 ಟರ್ಬೊಗೆ ತಿಮಿಂಗಿಲದ ಬಾಲ. ಅದರ ಎಂಜಿನ್ 3.3 ಲೀಟರ್ ಆದಾಗ, ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂರಿಸಲು ಅದು ಚಹಾ ತಟ್ಟೆಯ ಹಾಗೆ ಅಂಚು ಎದ್ದು ನಿಂತಿತು.

ಇಲ್ಲಿಂದ ಮುಂದೆ ನಂಬರಿನ ಆಟ, ಒಂದೊಂದು ತಲೆಮಾರಿನ 911ಗೂ ಕಂಪನಿಯೊಳಗಿನ ಒಂದೊಂದು ನಂಬರು. 964 ಬಂದದ್ದು 1988ರಲ್ಲಿ. 80 ಕಿ.ಮೀ. ವೇಗ ದಾಟಿದರೆ ಬಾಲ ತಾನಾಗಿ ಮೇಲೇಳುತ್ತದೆ, ನಿಂತಿರುವಾಗ ಕಾಣುವುದೇ ಇಲ್ಲ. 993ರಲ್ಲಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಹೊಸದು. ಗಾಳಿಯಿಂದ ತಣಿಯುವ ಎಂಜಿನ್ನಿನ ಕೊನೆಯ 911 ಕೂಡ ಅದೇ. 1997ರ 996ಕ್ಕೆ ನೀರಿನ ರೇಡಿಯೇಟರ್ ಬಂತು. ಅದರ ಮುಂದಿನ ದೀಪ ಒಡೆದ ಮೊಟ್ಟೆಯ ಹಾಗಿದೆ ಅಂತ ಬೈಸಿಕೊಂಡಿತು. ಅದೊಂದನ್ನು ಮಾತ್ರ ಮುಂದಿನಿಂದ ನೋಡಬಹುದು. 2004ರ 997ರಲ್ಲಿ ದುಂಡು ದೀಪ ವಾಪಸ್. 997 ಆದ ಮೇಲೆ 991, 992. ಎಣಿಕೆ ಹಿಂದಕ್ಕೆ ಹೋದದ್ದು ನಿಮ್ಮ ಕಣ್ಣಿನ ತಪ್ಪಲ್ಲ. 2011ರ 991ರಲ್ಲಿ ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ, ಮತ್ತೆ 100 ಮಿಲಿಮೀಟರ್ ಹೆಚ್ಚಿಸಿದರು. "ಅದೇ ಕಷಾಯ, ಡೋಸ್ ಜಾಸ್ತಿ" ಅಂದರು ಅಪ್ಪ. 2017ರ ರೇಸ್ ಕಾರು ಆರ್‌ಎಸ್‌ಆರ್‌ನಲ್ಲಿ ಎಂಜಿನ್ ಕೊನೆಗೂ ಆಕ್ಸಲ್ ಮುಂದೆ ಬಂತು, 1948ರ ಮೊದಲ ಕಾರಿನಲ್ಲಿ ಇದ್ದ ಜಾಗಕ್ಕೆ. ರಸ್ತೆಯ 911ಗೆ ಇವತ್ತಿಗೂ ಹಿಂದೆಯೇ.

ಉಳಿದ ಮಾಡೆಲ್‌ಗಳನ್ನು ನಾನು ಬೇಗ ದಾಟಿದೆ. 928 ಒಂದರ ಮುಂದೆ ನಿಲ್ಲಿ. 911ರ ಜಾಗಕ್ಕೆ ಬರಬೇಕಾಗಿದ್ದ, ಎಂಜಿನ್ ಮುಂದಿರುವ ಎಂಟು ಸಿಲಿಂಡರಿನ ಕಾರು. 1977ರಲ್ಲಿ ಬಂದು, 1995ರಲ್ಲಿ ಹೋಯಿತು. 911 ಕೂತಲ್ಲೇ ಕೂತಿತು. ರೇಸಿನ ಭಾಗದಲ್ಲಿ ಮಕ್ಕಳಿಗೆ ಇಷ್ಟವಾಗುವುದು 1971ರಲ್ಲಿ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಓಡಿದ, ಗುಲಾಬಿ ಹಂದಿ ಅಂತ ಕರೆಯುವ ಕಾರು. ಕಸಾಯಿ ಅಂಗಡಿಯ ಪಟದ ಹಾಗೆ ಮೈ ಮೇಲೆಲ್ಲ ಮಾಂಸದ ಭಾಗಗಳ ಹೆಸರು ಬರೆದಿದೆ. ತಲೆಕೆಳಗಾಗಿ ಚಾವಣಿಗೆ ನೇತುಹಾಕಿದ 956 ರೇಸ್ ಕಾರು ಕೂಡ ಇದೆ. 320 ಕಿ.ಮೀ. ವೇಗ ದಾಟಿದರೆ ಗಾಳಿಯ ಒತ್ತಡಕ್ಕೇ ಅದು ಚಾವಣಿಗೆ ಅಂಟಿಕೊಂಡು ಓಡಬಲ್ಲದು ಅನ್ನುವ ಲೆಕ್ಕ.

ಊಟದ ಬಗ್ಗೆ. ಸಸ್ಯಾಹಾರಿಗಳು ಆ ಕಡೆಯ ಹೋಟೆಲುಗಳಲ್ಲಿ ಕೇಸೆಶ್ಪೆಟ್ಸ್‌ಲೆ ಕೇಳಿ, ಚೀಸ್ ಹಾಕಿದ ಶಾವಿಗೆಯಂಥ ತಿಂಡಿ. ಮೌಲ್ಟಾಶೆನ್ ಕಡುಬಿನ ತರ ಕಾಣುತ್ತದೆ, ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ. ನಾವು ತಂಗಿ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಹೊರಗೆ ಕಟ್ಟೆ ಮೇಲೆ ಕೂತು ತಿಂದೆವು. ಎದುರಿನ ಫ್ಯಾಕ್ಟರಿ ಒಳಗೆ ನೋಡಬೇಕು ಅನ್ನುವವರು ಊರಿನಿಂದಲೇ ಬುಕ್ ಮಾಡಿಕೊಂಡು ಬನ್ನಿ. ಅವತ್ತೇ ಹೋಗಿ ಕೇಳಿದರೆ ಸಿಗುವುದು ಕಷ್ಟ, ಫೋಟೋ ತೆಗೆಯಲೂ ಬಿಡುವುದಿಲ್ಲ.

ಹೊರಡುವಾಗ ಅಂಗಡಿಯಲ್ಲಿ ಅಪ್ಪ ಒಂದು ಆಟಿಕೆ ಕಾರು ಎತ್ತಿಕೊಂಡು, ಹಿಂದೆ ತಿರುಗಿಸಿ ನೋಡಿ, ಬೆಲೆ ನೋಡಿ, ಮೆಲ್ಲಗೆ ವಾಪಸ್ ಇಟ್ಟರು. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತೆಗೆದುಕೊಂಡೆವು. ಭಾನುವಾರವಾದ್ದರಿಂದ ರೈಲು ಅರ್ಧ ಗಂಟೆಗೊಂದು. ಸರ್ಕಲ್ ಪಕ್ಕದಲ್ಲಿ ನಿಂತಿದ್ದಾಗ ಬೂದು ಬಣ್ಣದ ಕಾರೊಂದು ನಮ್ಮನ್ನು ದಾಟಿ ಹೋಯಿತು. ನಾನು ಫೋನ್ ತೆಗೆಯುವಷ್ಟರಲ್ಲಿ ಅದು ತಿರುವಿಗೆ ಸೇರಿತ್ತು.

"992" ಅಂದರು ಅಪ್ಪ. "ಈ ಕಡೆಯಿಂದ ಆ ಕಡೆಗೆ ಒಂದೇ ಕೆಂಪು ಪಟ್ಟಿ ದೀಪ ಇತ್ತು, ನೋಡ್ಲಿಲ್ವಾ?"