ತೋಡಿನ ದಡದ ಕೆಲಸ ಎಲ್ಲಿಗೆ ಬಂತು

ಕೆಲವರು ಕೇಳುತ್ತಲೇ ಇದ್ದರು, ಅದಕ್ಕೆ ಒಟ್ಟಿಗೇ ಬರೆದುಬಿಡುತ್ತೇನೆ. ಕೊಡಗಿನ ಸಿದ್ದಾಪುರದ ಕಡೆ ನಮ್ಮ ಚಿಕ್ಕ ಸಂಘ ಹಿಡಿದ ಕೆಲಸ ನಿಂತಿಲ್ಲ. ತೋಡಿನ ಪಕ್ಕದ ಕಸದ ರಾಶಿ ಮುಕ್ಕಾಲು ಪಾಲು ಹೋಗಿದೆ. ಗಿಡಗಳು ಮಳೆ ತಡೆದುಕೊಂಡಿವೆ. ಗೊಬ್ಬರದ ಡ್ರಮ್ಮುಗಳು ಚೆನ್ನಾಗಿ ನಡೀತಾ ಇವೆ. ಸೊಳ್ಳೆ ವಿಚಾರದಲ್ಲಿ ಮಾತ್ರ ಇನ್ನೂ ಜಗ್ಗಾಟ.

ಜಾಗ ಗೊತ್ತಿಲ್ಲದವರಿಗೆ: ಇದು ಕಾವೇರಿಗೆ ಹೋಗಿ ಸೇರುವ ಒಂದು ಸಣ್ಣ ತೋಡು, ಅಂದರೆ ಹಳ್ಳ. ಈಚೆ ದಡದಲ್ಲಿ ಮನೆಗಳು, ಆಚೆ ದಡದಲ್ಲಿ ಕಾಫಿ ತೋಟದ ಬೇಲಿ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಹೊಳೆ ಉಕ್ಕಿ ಮನೆಗಳೇ ಹೋದವಲ್ಲ, ಆಮೇಲೆ ನೀರಿನ ದಾರಿಗೆ ಕಸ ಹಾಕಬಾರದು ಅಂತ ಎಲ್ಲರೂ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಕವರ್ ಎಸೆಯುತ್ತಲೂ ಇದ್ದರು. ಬೋರ್ಡ್ ಹಾಕಿದ್ದಾಯಿತು, ಕನ್ನಡದಲ್ಲೂ ಮಲಯಾಳದಲ್ಲೂ. ಬೋರ್ಡಿನ ಬುಡದಲ್ಲೇ ಕವರ್ ಬಿತ್ತು.

ಯಾಕೆ ಎಸೆಯುತ್ತಾರೆ ಅಂತ ಮನೆ ಮನೆಗೆ ಹೋಗಿ ಕೂತು ಮಾತಾಡಿದಾಗ ಉತ್ತರ ಬಹಳ ಸರಳ ಇತ್ತು. ಕಸದ ಗಾಡಿ ಯಾವತ್ತು ಬರುತ್ತೆ ಅಂತ ಹೇಳೋಕೆ ಆಗಲ್ಲ. ಮೀನಿನ ತಲೆ, ಅನ್ನ, ಹಲಸಿನ ಸಿಪ್ಪೆ ಎರಡನೇ ದಿನಕ್ಕೆ ನಾರುತ್ತೆ. ಮನೆಯಲ್ಲಿ ಮಕ್ಕಳಿದ್ದಾರೆ, ಬಾಗಿಲಲ್ಲಿ ನಾಯಿ ಇದೆ, ಇಟ್ಟುಕೊಳ್ಳೋದು ಹೇಗೆ? ಅಂದರೆ ಜನ ಎಸೆಯುತ್ತಿದ್ದದ್ದು ಹಸಿ ಕಸವನ್ನು. ಅದರ ಜೊತೆಗೆ ಕವರು, ಬಾಟಲಿ ಎಲ್ಲ ಸುಮ್ನೆ ಹೋಗುತ್ತಿತ್ತು. ಹಸಿ ಕಸ ಮನೆ ಹತ್ತಿರವೇ ಮುಗಿದರೆ ಉಳಿದದ್ದು ಒಣ ಕಸ. ಅದು ಚೀಲದಲ್ಲಿ ತಿಂಗಳಾದರೂ ಕೂರುತ್ತೆ, ಯಾರಿಗೂ ತೊಂದರೆ ಇಲ್ಲ. ಹಾಗಾಗಿ ಗಿಡ ನೆಡೋ ಮಾತು ಬದಿಗಿಟ್ಟು ಮೊದಲು ಡ್ರಮ್ ಹಿಡಿದೆವು. ಮೊದಲು ಗಿಡ, ಫೋಟೋ, ಆಮೇಲೆ ಉಳಿದದ್ದು ಅನ್ನುವವರು ನಮ್ಮಲ್ಲೂ ಇದ್ದರು, ಸ್ವಲ್ಪ ಮುನಿಸಿಕೊಂಡರು.

ಗುಜರಿಯಿಂದ ತಂದ 200 ಲೀಟರಿನ ಡ್ರಮ್ಮು, ಪಕ್ಕಕ್ಕೂ ತಳಕ್ಕೂ ತೂತು, ಕೆಳಗೆ ಎರಡು ಕಲ್ಲು. ನಾಲ್ಕೈದು ಮನೆಗೆ ಒಂದು. ಕೊಡಗಿನ ಮಳೆಗಾಲದಲ್ಲಿ ಗೊಬ್ಬರ ಮಾಡುವವರ ಕಷ್ಟ ಒಂದೇ: ಒಣ ಎಲೆ ಅನ್ನೋದು ಒಣಗಿರಲ್ಲ. ಬೆಂಗಳೂರಿನವರು ಹೇಳಿಕೊಡುವ ಹಾಗೆ ಅಡುಗೆ ಕಸದ ಮೇಲೆ ತರಗೆಲೆ ಹಾಕಿ ಅಂದರೆ ಜುಲೈನಲ್ಲಿ ಇಲ್ಲಿ ಒದ್ದೆ ಮುದ್ದೆ ಸಿಗುತ್ತೆ. ತೋಟದ ಸಿಲ್ವರ್ ಓಕ್ ಮರದ ಎಲೆ ಬೇಕಾದಷ್ಟು ಬೀಳುತ್ತೆ, ಆದರೆ ಅದು ಬೇಗ ಕೊಳೆಯಲ್ಲ. ನಮಗೆ ಕೈ ಹಿಡಿದದ್ದು ಕಾಫಿ ಸಿಪ್ಪೆ. ರೊಬಸ್ಟಾ ಜಾತಿಯ ಕಾಫಿ ಹಣ್ಣನ್ನು ಕಣದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸುವ ಮಿಷನ್ನಾದ ಹಲ್ಲರ್‌ಗೆ ಹಾಕಿದ ಮೇಲೆ ಉಳಿಯುತ್ತಲ್ಲ, ಅದು. ಬೇಸಿಗೆಯಲ್ಲೇ ಚೀಲ ತುಂಬಿ ಅಟ್ಟದ ಮೇಲೆ ಇಟ್ಟುಕೊಂಡರೆ ಮಳೆಗಾಲ ಪೂರ್ತಿ ಬರುತ್ತೆ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಸಿಪ್ಪೆ, ಮೇಲೊಂದು ಮುಷ್ಟಿ ಸಗಣಿ ನೀರು ಹಾಕಿದ ಹಳೇ ಗೊಬ್ಬರ. ಮೀನಿನ ಕಸವಾದರೆ ನಡುವೆ ಗುಳಿ ಮಾಡಿ ಹೂತು, ಮೇಲೆ ಇನ್ನೊಂದು ಪದರ ಸಿಪ್ಪೆ.

ಮೊನ್ನೆ ಒಂದು ಡ್ರಮ್ ತೆಗೆದು ನೋಡಿದೆವು. ಮೇಲಿನ ಪದರದಲ್ಲಿ ಬೂದು ಬಣ್ಣದ ದಪ್ಪ ಹುಳು ಕುಲುಕುಲು ಅಂತಿತ್ತು. ಒಬ್ಬರು ಔಷಧಿ ತರೋಕೆ ಹೊರಟೇಬಿಟ್ಟಿದ್ದರು. ಬೇಡ ಅಂತ ಹಿಡಿದು ನಿಲ್ಲಿಸಿದ್ದಾಯಿತು. ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಚ್ಚಲ್ಲ, ದೊಡ್ಡದಾದ ಮೇಲೆ ನಮ್ಮ ಅನ್ನದ ತಟ್ಟೆಗೂ ಬರಲ್ಲ, ಹಸಿ ಕಸವನ್ನು ನಮಗಿಂತ ಬೇಗ ಮುಗಿಸುತ್ತೆ. ಕೋಳಿ ಸಾಕುವವರು ಒಂದು ಡಬ್ಬಿ ತುಂಬಿಸಿಕೊಂಡೇ ಹೋದರು. ಅದರ ಕೆಳಗೆ ಕೈ ಇಟ್ಟರೆ ಬಿಸಿ, ಇನ್ನೂ ಕೆಳಗೆ ಹೋದರೆ ಕಪ್ಪಗೆ ಪುಡಿಪುಡಿ. ಕಾಫಿ ಸಿಪ್ಪೆಯ ತುಣುಕು ಅಲ್ಲಲ್ಲಿ ಹಾಗೇ ಇದೆ, ಅದು ನಿಧಾನ, ಜರಡಿ ಹಿಡಿದು ಮತ್ತೆ ಮೇಲಕ್ಕೆ ಹಾಕುತ್ತೇವೆ.

ಇನ್ನು ಗಿಡ. ಸಿಲ್ವರ್ ನೆಡೋಣ ಅನ್ನುವ ಮಾತು ಮೊದಲು ಬಂತು. ಬೇಗ ಬೆಳೆಯುತ್ತೆ, ಮೆಣಸು ಬಳ್ಳಿ ಹಬ್ಬಿಸಬಹುದು, ಕಡಿದರೆ ದುಡ್ಡು. ತೋಟಕ್ಕೆ ಅದು ಸರಿ ಇರಬಹುದು, ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ತೋಡಿನ ದಡದಲ್ಲಿ ಏನು ಕೆಲಸ? ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ ಇವೆಲ್ಲ ಕಾಲು ನೀರಲ್ಲಿ ಇಟ್ಟುಕೊಂಡೇ ಬೆಳೆಯುತ್ತವೆ, ದಡ ಹಿಡಿಯುತ್ತವೆ, ಹಕ್ಕಿಗೂ ಆಗುತ್ತೆ. ಹಲಸಿನ ಬಗ್ಗೆ ಮಾತ್ರ ಜೋರು ಜಗಳ. ಹಲಸು ಬೇಡ ಅನ್ನುವ ಮನುಷ್ಯ ಕೊಡಗಿನಲ್ಲಿ ಇದ್ದಾನಾ? ಆದರೆ ಹಣ್ಣಿನ ವಾಸನೆಗೆ ಆನೆ ಬರುತ್ತೆ, ಮಕ್ಕಳು ಶಾಲೆಗೆ ಹೋಗೋ ದಾರಿ ಅದು. ಬಿದಿರಿಗೂ ಅದೇ ಮಾತು. ಕೊನೆಗೆ ಎರಡನ್ನೂ ಬಿಟ್ಟೆವು. ಗಿಡ ನೆಡುವ ಮುಂಚೆ ಆನೆಯ ಲೆಕ್ಕ ಹಾಕುವ ಸಂಘಗಳು ಎಷ್ಟಿರುತ್ತವೋ ಗೊತ್ತಿಲ್ಲ, ಇಲ್ಲಿ ಹಾಕದಿದ್ದರೆ ನಡೆಯಲ್ಲ.

ಜೂನ್ ಮೊದಲ ಮಳೆಗೆ ಒಂದು ಸಾಲು ನೆಟ್ಟಿದ್ದು. ಗುಂಡಿ ತೋಡಿ ಅದರೊಳಗೆ ಇಳಿಸಿದರೆ ಜುಲೈ ಪೂರ್ತಿ ನೀರು ನಿಂತು ಬೇರು ಕೊಳೆಯುತ್ತೆ ಅಂತ ತೋಟದಲ್ಲಿ ಕೆಲಸ ಮಾಡುವ ಹೆಂಗಸರು ಮೊದಲೇ ಹೇಳಿದ್ದರು. ಗುಂಡಿ ತುಂಬಿಸಿ, ಮೇಲೆ ಗುಡ್ಡೆ ಮಾಡಿ, ಗುಡ್ಡೆಯ ಮೇಲೆ ನೆಟ್ಟರು. ಇಳಿಜಾರಿನ ಅಂಚಿಗೆ ಲಾವಂಚ. ಅದರ ಬೇರು ಅಡ್ಡ ಹರಡದೆ ನೇರ ಕೆಳಕ್ಕೆ ಇಳಿಯುತ್ತೆ, ಮಣ್ಣು ಹಿಡಿಯೋಕೆ ಅದಕ್ಕಿಂತ ಅಗ್ಗದ್ದು ಇಲ್ಲ. ಆಗಸ್ಟ್‌ನಲ್ಲಿ ತೋಡು ತುಂಬಿದಾಗ ಕೆಳಗಿನ ಸಾಲಿನ ಒಂದಷ್ಟು ಗಿಡ ಹೋಯಿತು. ಲಾವಂಚ ಮಲಗಿತ್ತು, ನೀರು ಇಳಿದ ಮೇಲೆ ಎದ್ದು ನಿಂತಿತು.

ಸೊಳ್ಳೆಗೆ ಬರೋಣ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದ ಮೇಲೆ ಜನಕ್ಕೆ ಭಯ ಇದೆ, ಆದರೆ ಅವರಿಗೆ ಬೇಕಾಗಿರೋದು ಸೊಳ್ಳೆಗೆ ಹೊಗೆ ಬಿಡುವ ಗಾಡಿ. ಹೊಗೆ ಕಣ್ಣಿಗೆ ಕಾಣುತ್ತೆ ಅಲ್ವಾ, ಏನೋ ಮಾಡಿದರು ಅನ್ನಿಸುತ್ತೆ. ಅದು ಹಾರುವ ಸೊಳ್ಳೆಯನ್ನು ಕೊಲ್ಲುತ್ತೆ ಅಷ್ಟೆ, ನೀರಲ್ಲಿರುವ ಮರಿಗೆ ಏನೂ ಆಗಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತೋಡಿನ ಕೊಳಕು ನೀರಿಗಿಂತ ನಮ್ಮ ಅಂಗಳದ ತಿಳಿ ನೀರನ್ನೇ ಜಾಸ್ತಿ ಇಷ್ಟಪಡುತ್ತೆ. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೇ ಟೈರ್, ಸೌದೆ ಮುಚ್ಚಿದ ಟಾರ್ಪಾಲಿನ ಮಡಿಕೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಅಂಗಳ ಸುತ್ತುವುದು. ನೀರು ಚೆಲ್ಲಿದರೆ ಮುಗಿಯಲ್ಲ, ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತೆ. ನೀರು ತುಂಬಿಸುವ ಡ್ರಮ್ಮು, ತೊಟ್ಟಿ ಎಲ್ಲ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಬೇಕು. ದೊಡ್ಡವರಿಗೆ ಇದು ಬೇಜಾರಿನ ಕೆಲಸ. ಮಕ್ಕಳು ಟಾರ್ಚ್ ಹಿಡಿದು ಮರಿ ಹುಡುಕುವುದರಲ್ಲಿ ಪಳಗಿದ್ದಾರೆ, ಯಾರ ಮನೆಯಲ್ಲಿ ಸಿಕ್ಕಿತು ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ. ಆ ಮರ್ಯಾದೆಗೆ ಅಂಜಿಯೇ ಎರಡು ಮನೆಯ ಟೈರು ಗುಜರಿಗೆ ಹೋಯಿತು. ತೋಟದ ಕೆಲಸದವರು ಇರುವ ಲೈನ್ ಮನೆಗಳ ಕಡೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ಅಲ್ಲಿ ನಲ್ಲಿ ನೀರು ದಿನಾ ಬರಲ್ಲ, ತುಂಬಿಸಿಡಬೇಡಿ ಅಂತ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ಸದ್ಯಕ್ಕೆ ನೀರಿನ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟುವುದು ಮಾತ್ರ.

ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿಯಿತು, ಮಳೆಯೂ ಸಡಿಲವಾಗಿದೆ. ಹೋದ ಗಿಡಗಳ ಜಾಗಕ್ಕೆ ಅಕ್ಟೋಬರಿನ ಕಾವೇರಿ ಸಂಕ್ರಮಣದ ಮುಂಚೆ ಮತ್ತೆ ನೆಡಬೇಕು. ಹಿಂದಿನ ಸಲದ ಗೊಬ್ಬರ ಅದಕ್ಕೇ ಹೋಗುತ್ತೆ. ಕಾಫಿ ಕುಯ್ಲು ಶುರುವಾದರೆ ಒಂದು ಕೈಯೂ ಸಿಗಲ್ಲ, ಆಮೇಲೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆವರೆಗೆ ಗಿಡಕ್ಕೆ ನೀರು ಹೊರುವವರ ಪಾಳಿ ಈಗಲೇ ಬರೆದಿಡಬೇಕು. ಮುಂದಿನ ಸೀಸನ್ನಿನಲ್ಲಿ ಕಾಫಿ ಸಿಪ್ಪೆ ಕೊಡುವವರು ಇದ್ದರೆ ಈಗಲೇ ಹೇಳಿಡಿ, ಚೀಲ ನಾವೇ ತರುತ್ತೇವೆ. ಹಳೇ ಡ್ರಮ್ಮೂ ಬೇಕು. ತೋಟಕ್ಕೆ ಹೊಡೆಯುವ ಔಷಧಿ ಬಂದ ಡ್ರಮ್ ಮಾತ್ರ ಬೇಡ, ತೊಳೆದು ಕೊಟ್ಟರೂ ಬೇಡ.