ಐಪಿಇ ಪಾಠ ಗೇರುಬೀಜದಿಂದ ಶುರುವಾಗ್ಲಿ

ಇಂಟರ್‌ನ್ಯಾಷನಲ್ ರಿಲೇಶನ್ಸ್ ಕ್ಲಾಸಲ್ಲಿ ಯುದ್ಧ, ಒಪ್ಪಂದ, ವಿಶ್ವಸಂಸ್ಥೆ ಎಲ್ಲ ಬರ್ತದೆ, ದುಡ್ಡಿನ ರಾಜಕೀಯಕ್ಕೆ, ಅಂದ್ರೆ ಐಪಿಇಗೆ (ಇಂಟರ್‌ನ್ಯಾಷನಲ್ ಪೊಲಿಟಿಕಲ್ ಇಕಾನಮಿ), ಮಾತ್ರ ಕೊನೆಗೆ ಒಂದು ಯೂನಿಟ್ ಸಿಕ್ಕಿದ್ರೆ ದೊಡ್ಡದು ಮಾರಾಯ್ರೆ. ಮಂಗಳೂರಲ್ಲಿ ನಾನು ಈ ಪಾಠ ಐಎಂಎಫ್, ವಿಶ್ವಬ್ಯಾಂಕಿಗೆ ಬುನಾದಿ ಹಾಕಿದ 1944ರ ಬ್ರೆಟನ್ ವುಡ್ಸ್ ಸಮ್ಮೇಳನದಿಂದ ಶುರು ಮಾಡುದೇ ಇಲ್ಲ. ಆಫ್ರಿಕಾದ ಗೇರುಬೀಜ ಹಡಗಲ್ಲಿ ಬರ್ತದೆ, ಇಲ್ಲಿ ಫ್ಯಾಕ್ಟರಿಯಲ್ಲಿ ಹೆಂಗಸ್ರು ಸಿಪ್ಪೆ ತೆಗ್ದು ಗ್ರೇಡ್ ಮಾಡ್ತಾರೆ, ಡಬ್ಲ್ಯು 320 ಅಂದ್ರೆ ಪೌಂಡಿಗೆ ಸುಮಾರು 320 ತಿರುಳು, ಮತ್ತೆ ಅದು ಫಾರಿನ್ನಿಗೆ ಹೋಗ್ತದೆ, ಹಾಗಾದ್ರೆ ರೇಟು ಫಿಕ್ಸ್ ಮಾಡುದು ಯಾರು, ವಿಯೆಟ್ನಾಂ ಮಶೀನು ಹಾಕಿದ್ರೆ ಇಲ್ಲಿನ ಕೂಲಿಗೆ ಎಂತ ಆಗ್ತದೆ, ಐವರಿ ಕೋಸ್ಟ್ ಈಗ ನಮ್ಮಲ್ಲೇ ಸಂಸ್ಕರಿಸ್ತೇವೆ ಅಂತ ಯಾಕೆ ಹೊರಟದ್ದು ಅಂತ ಕೇಳಿ ನೋಡಿ, ಹಿಂದಿನ ಬೆಂಚಿನವ್ರೂ ಮಾತಾಡ್ತಾರೆ. 1973-74ರಲ್ಲಿ ಕಚ್ಚಾ ತೈಲದ ರೇಟು ಕೆಲವೇ ತಿಂಗಳಲ್ಲಿ ಹತ್ರಹತ್ರ ನಾಲ್ಕು ಪಟ್ಟು ಏರಿದ್ದನ್ನೂ ಹಾಗೆಯೇ ಮನೆ ಕತೆಯಿಂದ ಕಲಿಸ್ಬಹುದು. ಅಪ್ಪ ಕುವೈಟಲ್ಲಿ ದುಡಿದ ಮಕ್ಕಳಿಗೆ ಪೆಟ್ರೋಡಾಲರ್, ಅಂದ್ರೆ ತೈಲ ಮಾರಿ ಬಂದ ಡಾಲರ್, ಅರ್ಥ ಮಾಡಿಸ್ಲಿಕ್ಕೆ ಜಾಸ್ತಿ ಹೊತ್ತು ಬೇಡ.