ಮುಟ್ಟಬೇಡಿ ಎನ್ನುವ ಕೆಲಸ

ದೊಡ್ಡ ನಗರವೊಂದರ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ನಾನು ಗ್ಯಾಲರಿ ಸಹಾಯಕನಾಗಿ ಸೇರಿ ಕೆಲವು ವರ್ಷಗಳಾದವು. ಹುದ್ದೆಯ ಹೆಸರು ಏನೇ ಇರಲಿ, ಕೆಲಸದ ಬಹುಪಾಲು ಒಂದು ಕೋಣೆಯಲ್ಲಿ ನಿಂತು ಬಂದವರಿಗೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಹೇಳುವುದೇ ಆಗಿದೆ. ಆ ಎರಡು ಪದಗಳನ್ನು ಯಾವಾಗ ಹೇಳಬೇಕು, ಹೇಗೆ ಹೇಳಬೇಕು, ಯಾವಾಗ ಹೇಳಲೇಬಾರದು ಎಂಬುದನ್ನು ಕಲಿಯಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಕಲಿಸಿದ್ದು ತರಬೇತಿಯಲ್ಲ, ನನ್ನವೇ ಎರಡು ತಪ್ಪುಗಳು.

ಮೊದಲನೆಯದು ನಡೆದದ್ದು ಸೇರಿದ ತಿಂಗಳಲ್ಲೇ. ನನಗೆ ಕೊಟ್ಟಿದ್ದ ಕೋಣೆಯ ನೆಲದ ಮೇಲೆ ಚೌಕಾಕಾರದ ಲೋಹದ ತಗಡುಗಳನ್ನು ಒಂದಕ್ಕೊಂದು ತಾಗಿಸಿ ಹಾಸಿದ್ದರು. ಅಷ್ಟೇ ಕಲಾಕೃತಿ. ಅರವತ್ತರ ಆಸುಪಾಸಿನ ಮಹಿಳೆಯೊಬ್ಬರು ನೇರವಾಗಿ ಬಂದು ಅದರ ನಟ್ಟನಡುವೆ ನಿಂತರು. ನಾನು ಓಡಿಹೋಗಿ ‘ಮೇಡಂ, ದಯವಿಟ್ಟು ಕೆಳಗಿಳಿಯಿರಿ’ ಎಂದೆ. ನೆಲದಿಂದ ಕಿರುಬೆರಳಿನಷ್ಟೂ ಎತ್ತರವಿಲ್ಲದ ತಗಡಿನಿಂದ ಕೆಳಗಿಳಿಯುವುದು ಎಲ್ಲಿಗೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವರು ಸಿಟ್ಟಾಗದೆ ನನ್ನ ಬೆನ್ನ ಹಿಂದಿನ ಗೋಡೆಯನ್ನು ತೋರಿಸಿದರು. ಮೂರು ದಿನಗಳಿಂದ ನಾನು ಒರಗಿ ನಿಂತಿದ್ದ ಜಾಗದಲ್ಲಿಯೇ ವಿವರಣಾ ಫಲಕವಿತ್ತು, ಅದರ ಕೊನೆಯ ಸಾಲಿನಲ್ಲಿ ‘ವೀಕ್ಷಕರು ಕೃತಿಯ ಮೇಲೆ ನಡೆಯಬಹುದು’ ಎಂದು ಬರೆದಿತ್ತು. ಆ ಸಾಲನ್ನು ನಾನೂ ಓದಿರಲಿಲ್ಲ, ಬೇರೆಯವರಿಗೂ ಓದಲು ಬಿಟ್ಟಿರಲಿಲ್ಲ.

ಇಂಥ ಕೃತಿಗಳಿಗೆ ಒಂದು ಪರಂಪರೆಯೇ ಇದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅಮೆರಿಕದ ಶಿಲ್ಪಿ ಕಾರ್ಲ್ ಆಂದ್ರೆ 1960ರ ದಶಕದ ಕೊನೆಯಲ್ಲಿ ಲೋಹದ ತಗಡುಗಳನ್ನು ನೆಲಕ್ಕೆ ಹಾಸಿ, ಶಿಲ್ಪವೆಂದರೆ ಪೀಠದ ಮೇಲೆ ನಿಲ್ಲಬೇಕೆಂಬ ಎಣಿಕೆಯನ್ನೇ ತಲೆಕೆಳಗು ಮಾಡಿದ್ದರು. 1969ರ ಅವರ ಒಂದು ಕೃತಿಯಲ್ಲಿ ಸುಮಾರು 30 ಸೆಂಟಿಮೀಟರ್ ಅಗಲದ 144 ಮೆಗ್ನೀಸಿಯಂ ತಗಡುಗಳು ಒಂದು ದೊಡ್ಡ ಚೌಕವಾಗಿ ನೆಲದ ಮೇಲೆ ಮಲಗಿವೆ. ನೋಡುಗರು ತಮ್ಮ ಶಿಲ್ಪದ ಮೇಲೆ ನಡೆಯಬೇಕೆಂಬುದು ಆಂದ್ರೆಯವರ ಇಚ್ಛೆಯಾಗಿತ್ತು. ನಮ್ಮ ಕೋಣೆಯ ಕೃತಿ ಬೇರೆ ಕಲಾವಿದರದು, ಆದರೂ ಅದೇ ದಾರಿಯದು. ಆ ಮಹಿಳೆ ನನ್ನನ್ನೂ ಅದರ ಮೇಲೆ ನಿಲ್ಲಲು ಕರೆದರು. ಅಂಚಿನಲ್ಲಿ ನನ್ನ ಬೂಟಿನ ಸದ್ದು ಮಂದವಾಗಿತ್ತು, ನಡುವಿಗೆ ಬಂದಾಗ ತಗಡಿನಡಿಯಿಂದ ತೆಳುವಾದೊಂದು ಕಂಪನ ಕಾಲಿಗೆ ತಾಗಿತು. ಮೂರು ದಿನ ಕಾದು ನಿಂತ ವಸ್ತುವನ್ನು ನಾನು ಕಂಡದ್ದು ಆಗಲೇ ಎನ್ನಬೇಕು.

ಎರಡನೆಯ ತಪ್ಪು ಮೊದಲನೆಯದರ ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ಆಯಿತು. ಎರಡು ವಾರಗಳ ನಂತರ ಬಂದ ಕುಟುಂಬವೊಂದಕ್ಕೆ ಬಾಗಿಲಲ್ಲೇ ‘ಇದರ ಮೇಲೆ ನಡೆಯಬಹುದು, ಧಾರಾಳವಾಗಿ ನಡೆಯಿರಿ’ ಎಂದು ಆಹ್ವಾನ ಕೊಟ್ಟೆ. ಏಳು ವರ್ಷದ ಹುಡುಗನಿಗೆ ಆದ ಸಂತೋಷ ಹೇಳತೀರದು. ಪಕ್ಕದ ಕೋಣೆಯಲ್ಲಿಯೂ ನೆಲದ ಮೇಲೊಂದು ಕೃತಿಯಿತ್ತು: ನುಣ್ಣಗೆ ಅರೆದ ಕೆಂಪು ಬಣ್ಣದ ಪುಡಿಯನ್ನು ಜರಡಿ ಹಿಡಿದು ಹಾಸಿದ ತೆಳುವಾದ ಪದರ. ಹಗ್ಗದ ಬೇಲಿ ಬೇಡವೆಂದು ಕಲಾವಿದರು ಹೇಳಿದ್ದರಿಂದ ನೆಲದಲ್ಲಿ ಬಿಳಿ ಪಟ್ಟಿಯೊಂದು ಮಾತ್ರ ಇತ್ತು. ಹುಡುಗ ಯಾವ ಅಳುಕೂ ಇಲ್ಲದೆ ಒಂದು ಕಾಲನ್ನು ಅದರ ಮೇಲಿಟ್ಟ. ಒಂದೇ ಹೆಜ್ಜೆ. ಬೂಟಿನ ತಳದ ಅಂಕುಡೊಂಕಿನ ಗೆರೆಗಳು, ಹಿಮ್ಮಡಿಯ ಬಳಿ ಅರ್ಧ ಅಳಿಸಿದ ಅಳತೆಯ ಅಂಕಿ, ಎಲ್ಲವೂ ಅಚ್ಚೊತ್ತಿದಂತೆ ಆ ಪುಡಿಯಲ್ಲಿ ಮೂಡಿದವು.

ಕೋಣೆಯನ್ನು ಮುಚ್ಚಲಾಯಿತು. ಸಂರಕ್ಷಣಾ ವಿಭಾಗದ ಹಿರಿಯರೊಬ್ಬರು ಬಂದು ಮಂಡಿಯೂರಿ ಕುಳಿತು ನೋಡಿದ ಮೇಲೆ ಹುಡುಗನನ್ನು ಗದರದೆ, ಹಾಗೇಕೆ ಮಾಡಿದೆ ಎಂದಷ್ಟೇ ಕೇಳಿದರು. ಅವನು ನನ್ನತ್ತ ಕೈ ಮಾಡಿ, ‘ನೆಲದ ಮೇಲಿರುವುದರ ಮೇಲೆ ನಡೆಯಬಹುದು ಅಂತ ಇವರೇ ಹೇಳಿದರು’ ಎಂದ. ನಾನು ಹಾಗೆ ಹೇಳಿರಲಿಲ್ಲ, ಆದರೆ ನಾನು ಹೇಳಿದ್ದರಿಂದ ಅವನು ಬೇರೇನನ್ನು ತಿಳಿಯಲು ಸಾಧ್ಯವಿತ್ತು? ತಗಡುಗಳ ಮೇಲೆ ನಡೆಯಬಹುದು ಎಂದೆನೇ ಹೊರತು, ಅವು ಕಾಲಿನ ಸವೆತವನ್ನು ತಾಳಲೆಂದೇ ಮಾಡಿದವು, ಆ ಸವೆತವೂ ಕೃತಿಯ ಭಾಗವೇ ಎಂದು ವಿವರಿಸಿರಲಿಲ್ಲ. ಅದನ್ನು ತಿಳಿಸಿದ್ದರೆ ಪುಡಿಯ ಮುಂದೆ ಆ ಹುಡುಗ ಒಂದು ಕ್ಷಣ ನಿಲ್ಲುತ್ತಿದ್ದನೆಂದು ನಾನು ಇಂದಿಗೂ ನಂಬಿದ್ದೇನೆ.

ಅದೇ ಸಂರಕ್ಷಕರು ಆ ವಾರ ನನ್ನನ್ನು ಮೇಲಿನ ಮಹಡಿಗೆ ಕರೆದೊಯ್ದು, ಹೊಳಪು ಕೊಟ್ಟ ಹಿತ್ತಾಳೆಯ ಗೋಳವೊಂದರ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಕಾಣದಿದ್ದ ಹೆಬ್ಬೆರಳ ಗುರುತೊಂದು ಎದ್ದು ಬಂತು, ಸುಳಿಸುಳಿಯಾಗಿ, ಕಂದುಗಟ್ಟಿ. ಬೆವರಿನ ಉಪ್ಪೂ ಆಮ್ಲವೂ ಲೋಹವನ್ನು ತಿಂದಿರುವುದರಿಂದ ಒರೆಸಿದರೆ ಅದು ಹೋಗದು, ಹೋಗಬೇಕಾದರೆ ಆ ಜಾಗದ ಲೋಹವನ್ನೇ ಉಜ್ಜಿ ತೆಗೆಯಬೇಕು ಎಂದು ಅವರು ವಿವರಿಸಿದರು. ಅಂದಿನಿಂದ ನಾನು ಬರಿದೇ ‘ಮುಟ್ಟಬೇಡಿ’ ಎನ್ನುವುದನ್ನು ಬಿಟ್ಟೆ. ಆ ಗೋಳದ ಬಳಿ ನಿಂತವರಿಗೆ ಬೆರಳಿನ ಕಥೆಯನ್ನು ಹೇಳುತ್ತೇನೆ, ಅವರು ತಾವಾಗಿಯೇ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

ಹಳೆಯ ಚಿತ್ರಗಳ ಸಂಗ್ರಹಾಲಯದಲ್ಲಿ ನಿಯಮ ಒಂದೇ, ಎಲ್ಲ ಕೋಣೆಗಳಿಗೂ ಅನ್ವಯಿಸುವಂಥದು. ಸಮಕಾಲೀನ ಕಲೆಯಲ್ಲಿ ಒಂದೊಂದು ಕೃತಿಯೂ ತನ್ನ ನಿಯಮವನ್ನು ತಾನೇ ಹೊತ್ತು ಬರುತ್ತದೆ, ಮತ್ತು ಅನೇಕ ಸಲ ಆ ನಿಯಮವೇ ಕೃತಿಯ ತಿರುಳು. ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ, ಈಗ ಶಿಕಾಗೊ ಕಲಾ ಸಂಸ್ಥೆಯಲ್ಲಿರುವ ಕೃತಿಯೊಂದು ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ. ಅದರ ಆದರ್ಶ ತೂಕ 175 ಪೌಂಡ್, ಎಂದರೆ ಸುಮಾರು 79 ಕಿಲೋ. ಬಂದವರು ಒಂದೊಂದನ್ನು ತೆಗೆದುಕೊಂಡು ಹೋಗಬಹುದು. ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡ, ಕಲಾವಿದನ ಸಂಗಾತಿ ರಾಸ್‌ನ ದೇಹ ಕರಗುತ್ತ ಹೋದುದನ್ನು ಅಲ್ಲಿ ಅನೇಕರು ಕಾಣುತ್ತಾರೆ. ಅಲ್ಲಿ ನಿಂತು ಯಾರಾದರೂ ‘ಮುಟ್ಟಬೇಡಿ’ ಎಂದರೆ ಕೃತಿಯೇ ಇಲ್ಲವಾಗುತ್ತದೆ. ಇನ್ನು ಕೆಲವು ಕಡೆ ನಿಯಮ ಪ್ರದರ್ಶನದ ನಡುವೆಯೇ ಬದಲಾಗಬೇಕಾಗುತ್ತದೆ. 2010ರಲ್ಲಿ ಚೀನಾದ ಕಲಾವಿದ ಐ ವೇಯ್‌ವೇಯ್ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲಿನಲ್ಲಿ ಕೈಯಲ್ಲಿ ಮಾಡಿ ಬಣ್ಣ ಬಳಿದ ಸುಮಾರು 10 ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜಗಳನ್ನು ಹರಡಿದಾಗ ಜನ ಅವುಗಳ ಮೇಲೆ ನಡೆದರು, ಕೂತರು, ಹೊರಳಾಡಿದರು. ಕೆಲವೇ ದಿನಗಳಲ್ಲಿ, ಏಳುವ ಪಿಂಗಾಣಿ ಧೂಳು ಉಸಿರಾಟಕ್ಕೆ ಹಾನಿಕರವೆಂದು ತಿಳಿದು ಒಳಗೆ ಹೋಗುವುದನ್ನು ನಿಲ್ಲಿಸಲಾಯಿತು. ನಿನ್ನೆ ಬನ್ನಿ ಎಂದ ಸಹಾಯಕ ಇಂದು ಬೇಡ ಎನ್ನಬೇಕಾದಾಗ ಕಾರಣವನ್ನು ಹೇಳದೆ ಆ ದಿನವನ್ನು ಕಳೆಯಲಾಗದು.

ಕಾರಣ ತಿಳಿಯದೆ ಕೆಲಸ ಮಾಡುವ ಕಷ್ಟ ಸಿಬ್ಬಂದಿಗೂ ತಪ್ಪಿದ್ದಲ್ಲ. 2011ರಲ್ಲಿ ಜರ್ಮನಿಯ ಡೋರ್ಟ್‌ಮುಂಡ್‌ನಲ್ಲಿ ಮಾರ್ಟಿನ್ ಕಿಪ್ಪೆನ್‌ಬರ್ಗರ್ ಅವರ ಕೃತಿಯೊಂದರ ರಬ್ಬರ್ ತೊಟ್ಟಿಯಲ್ಲಿ, ಒಣಗಿದ ಮಳೆನೀರಿನ ಕಲೆಯಂತೆ ಬಳಿದಿದ್ದ ಬಣ್ಣವನ್ನು ಶುಚಿಗೊಳಿಸುವವರೊಬ್ಬರು ಕೊಳೆಯೆಂದು ಭಾವಿಸಿ ತಿಕ್ಕಿ ತೊಳೆದುಬಿಟ್ಟರು. ಕಲಾವಿದ 1997ರಲ್ಲಿಯೇ ತೀರಿಕೊಂಡಿದ್ದರಿಂದ ಅದನ್ನು ಮತ್ತೆ ಬಳಿಯುವವರಿರಲಿಲ್ಲ. ಈ ಸುದ್ದಿಯನ್ನು ಜಗತ್ತು ನಗೆಚಾಟಿಕೆಯಂತೆ ಹಂಚಿಕೊಂಡಿತು. ನನಗೆ ಮಾತ್ರ ನಗು ಬರಲಿಲ್ಲ. ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ವ್ಯಕ್ತಿಯ ಜಾಗದಲ್ಲಿ ನನ್ನನ್ನೇ ಕಂಡೆ.

ಕಾಗದದ ಮೇಲಿನ ರೇಖಾಚಿತ್ರಗಳ ಕೋಣೆಯಲ್ಲಿ ದೂರು ಬೇರೆ ಬಗೆಯದು: ‘ಇಷ್ಟು ಕತ್ತಲಲ್ಲಿ ನೋಡುವುದು ಹೇಗೆ?’ ಅಲ್ಲಿ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ನಷ್ಟಕ್ಕೆ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಇಳಿಸಿರುತ್ತಾರೆ, ಕಚೇರಿಯೊಂದರ ಮೇಜಿನ ಮೇಲೆ ಅದರ ಆರೇಳು ಪಟ್ಟಾದರೂ ಇರುತ್ತದೆ. ಬೆಳಕಿನಿಂದ ಬಣ್ಣಕ್ಕೆ ಆಗುವ ಹಾನಿ ಕೂಡುತ್ತಲೇ ಹೋಗುತ್ತದೆ, ಆಮೇಲೆ ಎಷ್ಟು ವರ್ಷ ಕತ್ತಲಲ್ಲಿಟ್ಟರೂ ಮಾಸಿದ ಬಣ್ಣ ಮರಳುವುದಿಲ್ಲ. ಇದನ್ನು ಹೇಳಿ, ‘ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಆ ಬೆಂಚಿನ ಮೇಲೆ ಕುಳಿತಿರಿ’ ಎಂದರೆ ಹೆಚ್ಚಿನವರು ಕೂರುತ್ತಾರೆ. ಕೆಲವರು ಮೊದಲು ಆ ಬೆಂಚು ಕಲಾಕೃತಿಯಲ್ಲ ತಾನೇ ಎಂದು ಕೇಳುತ್ತಾರೆ. ನಮ್ಮಲ್ಲಿ ಅದು ನ್ಯಾಯವಾದ ಪ್ರಶ್ನೆಯೇ.

ಯಾರು ಮುಟ್ಟುತ್ತಾರೆಂದು ಮೊದಲೇ ತಿಳಿಯುವುದೂ ಅಭ್ಯಾಸದಿಂದ ಬರುತ್ತದೆ. ಕದ್ದು ಮುಟ್ಟಬೇಕೆಂದಿರುವವರು ಮೊದಲು ನಾನು ಎಲ್ಲಿದ್ದೇನೆಂದು ನೋಡುತ್ತಾರೆ. ಅವರ ಕಡೆಗೆ ಒಂದು ಹೆಜ್ಜೆ ಇಟ್ಟರೆ ಸಾಕು. ನೋಡುತ್ತ ನೋಡುತ್ತ ಮೈಮರೆತವರು ಯಾರನ್ನೂ ನೋಡುವುದಿಲ್ಲ, ಅವರ ಭುಜ ಮಾತ್ರ ಮೆಲ್ಲಗೆ ಮುಂದಕ್ಕೆ ಬಾಗುತ್ತದೆ. ಈ ಎರಡನೆಯವರನ್ನು ಬೆಚ್ಚಿಬೀಳಿಸಬಾರದು. ಪಕ್ಕಕ್ಕೆ ಹೋಗಿ, ಮೆಲುದನಿಯಲ್ಲಿ, ಆ ವಸ್ತು ಯಾವುದರಿಂದ ಆಗಿದೆ ಎಂದು ಮಾತು ತೆಗೆದರೆ ಕೈ ಅರ್ಧದಲ್ಲೇ ನಿಲ್ಲುತ್ತದೆ, ಸಂಭಾಷಣೆಯೂ ಶುರುವಾಗುತ್ತದೆ. ನಿಜಕ್ಕೂ ಹೆಚ್ಚು ಹಾನಿ ಮಾಡುವುದು ಕೈಗಳಲ್ಲ, ಬೆನ್ನಿನ ಚೀಲಗಳು. ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುವವರಿಗೆ ತಮ್ಮ ಬೆನ್ನಿನ ಅಳತೆ ತಿಳಿದಿರುವುದಿಲ್ಲ.

ನಮ್ಮ ಪಾಳಿಯ ಸೂಚನಾ ಹಾಳೆಯಲ್ಲಿ ಮೊದಲು ಎರಡೇ ಅಂಕಣಗಳಿದ್ದವು: ಕೃತಿ, ನಿಯಮ. ನನ್ನ ಒತ್ತಾಯಕ್ಕೆ ಮೂರನೆಯದೊಂದು ಸೇರಿತು, ‘ಕಾರಣ’. ಅದನ್ನು ತುಂಬಿಸಲು ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್‌ಗಳ ಹಿಂದೆ ಬಿದ್ದು ನಾನು ಸಾಕಷ್ಟು ಬೈಗುಳ ತಿಂದಿದ್ದೇನೆ.

ಕಳೆದ ವಾರ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ತಗಡುಗಳ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಎರಡು ಹೆಜ್ಜೆ ಎಡಕ್ಕೆ ಸರಿದು ನಿಲ್ಲಿ ಎಂದೆ. ಏಕೆ ಎಂದು ಕೇಳಿದರು. ಅವರ ಬೆನ್ನ ಹಿಂದಿದ್ದ ಫಲಕವನ್ನು ಇಬ್ಬರೂ ಸೇರಿ ಕೊನೆಯ ಸಾಲಿನವರೆಗೆ ಓದಿದೆವು.